ರಾಮನ ವಯಸ್ಸು ಕೃಷ್ಣನ ವಯಸ್ಸಿನ ಎರಡರಷ್ಟು

೧೯೭೭, ಜೂನ್ ೧೯, ಭಾನುವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಸ್ಥಳ: ಗುಬ್ಬಿ, ರೈಲ್ವೆ ಸ್ಟೇಷನ್ ರಸ್ತೆಯ ಬಾಡಿಗೆ ಮನೆ. ದಾಖಲಾತಿ ಒಂದು. ಹಾಜರಿ ಒಂದು. ಗೈರುಹಾಜರಿ ಇಲ್ಲ. ವಿಷಯ: ಬೀಜಗಣಿತ.

ಕೈಬರಹ ನನ್ನದು. ಹಾಜರಿ ಪುಸ್ತಕವೂ ನನ್ನದೇ. ದಾಖಲಾದ ಏಕೈಕ ವಿದ್ಯಾರ್ಥಿನಿ ನನ್ನ ಹೆಂಡತಿ ಸರೋಜ. ಹೆಂಡತಿಗೆ ಮನೆಯಲ್ಲಿ ಪಾಠ ಹೇಳಲು ಹಾಜರಿ ಪುಸ್ತಕ ಇಟ್ಟ ಮೇಷ್ಟ್ರು ಆ ತಾಲ್ಲೂಕಿನಲ್ಲಿ ಇನ್ನೊಬ್ಬ ಇದ್ದಿರಲಾರ. ಕಳೆದ ವಾರ ಗೋಡೆ ಗಡಿಯಾರದ ಕೀಲಿ ಹುಡುಕುತ್ತಾ ತುಮಕೂರಿನ ಈ ಮನೆಯ ಅಟ್ಟ ಹತ್ತಿದ್ದೆ. ಕೀಲಿ ಸಿಗಲಿಲ್ಲ, ಇದು ಸಿಕ್ಕಿತು. ಒಂದು ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ: 'ತಡ, ನಾಲ್ಕು ನಿಮಿಷ. ಕಾರಣ: ಹಾಲು ಉಕ್ಕಿದ್ದು.' ಆ ಹಾಲು ನನ್ನ ಕಾಫಿಗೇ ಕಾಯುತ್ತಿತ್ತು ಎಂಬುದನ್ನು ಮಾತ್ರ ಬರೆದಿಲ್ಲ.

ನನ್ನನ್ನು ತಪ್ಪು ತಿಳಿಯಬೇಡಿ. ನಾನು ಹಾಸ್ಟೆಲ್ಲಿನಲ್ಲಿ ಬೆಳೆದವನು. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರು ಸ್ನಾನ, ಐದೂವರೆಗೆ ಪ್ರಾರ್ಥನೆ, ತಟ್ಟೆ ತೊಳೆದು ಬೋರಲು ಹಾಕುವುದಕ್ಕೂ ಒಂದು ಸಮಯ. ಹತ್ತು ವರ್ಷ ಹಾಗೆ ಬದುಕಿದವನಿಗೆ ಗಂಟೆ ನಿಂತ ಮೇಲೂ ಕಿವಿಯಲ್ಲಿ ಗಂಟೆ ಹೊಡೆಯುತ್ತಲೇ ಇರುತ್ತದೆ. ಗುಬ್ಬಿಯಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರಾದಾಗ ಮನೆಗೂ ವೇಳಾಪಟ್ಟಿ ಹಾಕಿದೆ. ನಮ್ಮವ್ವ ಅದನ್ನು ನೋಡಿ, "ಇದ್ರಾಗೆ ನಾನು ಕೆಮ್ಮೋದು ಎಷ್ಟೊತ್ಗೆ ಅಂತ ಬರ್ದಿಲ್ವಲ್ಲೋ" ಅಂದಿದ್ದಳು.

ಸರೋಜಳ ಊರು ಕುಣಿಗಲ್. ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟು ತಿಂದು ತಲೆ ತಗ್ಗಿಸಿ ಕೂತಿದ್ದೆ. ಅವರಪ್ಪ, "ಹುಡುಗ ಏನು ಪಾಠ ಮಾಡೋದು?" ಎಂದು ಕೇಳಿದರು. ನಮ್ಮ ಕಡೆಯವರು ಗಣಿತ ಅಂದರು. ಬಾಗಿಲ ಹಿಂದಿನಿಂದ ಒಂದು ಧ್ವನಿ ಬಂತು: "ಅಪ್ಪಾಜಿ, ಆಲ್ಜೀಬ್ರಾನೂ ಹೇಳ್ಕೊಡ್ತಾರಾ ಕೇಳಿ." ನನ್ನ ಮುಖ ನೋಡಿ ಒಪ್ಪಿದಳು ಎಂದು ಬಹಳ ಕಾಲ ನಂಬಿದ್ದೆ. ಅವಳು ಒಪ್ಪಿದ್ದು ನನ್ನ ವಿಷಯವನ್ನು. ಹದಿನೇಳನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿದ್ದಳು. ಪ್ರೈಮರಿ ಶಾಲೆಯ ಮೇಡಮ್ಮಾಗಬೇಕು ಎಂಬುದು ಅವಳ ಒಂದೇ ಆಸೆ. ಚಿಕ್ಕವಳಿದ್ದಾಗ ಕೆರೆ ಏರಿಯ ಮೇಲೆ ತಮ್ಮ ತಂಗಿಯರನ್ನು ಸಾಲಾಗಿ ಕೂರಿಸಿ, ಊರಿನ ಸ್ಟಡ್ ಫಾರಂನವರು ಬೆಳಿಗ್ಗೆ ನಡೆಸಿಕೊಂಡು ಬರುವ ಕುದುರೆಗಳನ್ನು ತೋರಿಸಿ ಮಗ್ಗಿ ಹೇಳಿಸುತ್ತಿದ್ದಳಂತೆ. ಒಂದು ಕುದುರೆಗೆ ನಾಲ್ಕು ಕಾಲು, ಎರಡಕ್ಕೆ ಎಂಟು. ನಾಲ್ಕರ ಮಗ್ಗಿ ಬಿಟ್ಟರೆ ಆ ಮಕ್ಕಳಿಗೆ ಬೇರೆ ಮಗ್ಗಿ ಬರುತ್ತಿರಲಿಲ್ಲ.

ಮದುವೆಯಾದ ಮರುವಾರವೇ ಪಾಠ ಶುರು. ಒಂದು ವರ್ಷ ಒಂದು ದಿನವೂ ಬಿಡದೆ ಓದಿದಳು. ಏಪ್ರಿಲ್‌ನಲ್ಲಿ ಪರೀಕ್ಷೆ ಬರೆದಳು. ಮೂವತ್ತೆರಡು ಬಂತು. ಬೇಕಾದದ್ದು ಮೂವತ್ತೈದು.

ಅವ್ವ ಸಮಾಧಾನ ಹೇಳಿದಳು. "ಮೂವತ್ತೆರಡು ಸಾಕಾಗಲ್ವೇನ್ಲಾ? ಮನೇಲಿರೋದೇ ಮೂರು ಜನ."

ನಾನು ಎಂಟು ದಿನ ಮುಖ ಗಂಟು ಹಾಕಿಕೊಂಡಿದ್ದೆ. ಸರೋಜ ಮಾತ್ರ ಒಂದೇ ಮಾತು ಹೇಳಿದಳು: ಇನ್ನು ಬರೆಯುವುದಿಲ್ಲ. ಸೆಪ್ಟೆಂಬರ್ ಪರೀಕ್ಷೆಗೆ ಅರ್ಜಿ ಕೊಡಲು ಸೋಮವಾರ ಕಡೇ ದಿನ. ಅದು ತಪ್ಪಿದರೆ ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು. ಅಷ್ಟರಲ್ಲಿ ಶಿಕ್ಷಕರ ತರಬೇತಿಗೆ ಸೇರುವ ವಯಸ್ಸು ಅವಳಿಗೆ ದಾಟುತ್ತಿತ್ತು. ಅಂದರೆ ಆ ಭಾನುವಾರ ಕತ್ತಲಾಗುವುದರೊಳಗೆ ಅವಳು ಮನಸ್ಸು ಬದಲಾಯಿಸದಿದ್ದರೆ ಮೇಡಮ್ಮಾಗುವುದು ಅಲ್ಲಿಗೇ ಮುಗಿಯಿತು.

ಐದು ನಲವತ್ತಕ್ಕೆ ಅವಳು ಬಂದು ಚಾಪೆಯ ಮೇಲೆ ಕೂತಳು. ಬರೆಯುವುದಿಲ್ಲ ಎಂದವಳು ಪಾಠಕ್ಕೇಕೆ ಬಂದಳು ಎಂದು ನೀವು ಕೇಳಬಹುದು. ವೇಳಾಪಟ್ಟಿಯಲ್ಲಿತ್ತು, ಬಂದಳು. ಗೋಡೆಗೊರಗಿ ಅವ್ವ ಹೂಬತ್ತಿ ಹೊಸೆಯುತ್ತಿದ್ದಳು.

ನಾನು ಏಪ್ರಿಲ್ ಪ್ರಶ್ನೆಪತ್ರಿಕೆ ಮುಂದಿಟ್ಟು ಒಂದೊಂದಾಗಿ ಮಾಡು ಎಂದೆ. ಸರಸರನೆ ಮಾಡಿದಳು. ಹನ್ನೆರಡನೇ ಪ್ರಶ್ನೆಗೆ ಬಂದಳು. ಐದು ಅಂಕದ್ದು. 'ರಾಮನ ವಯಸ್ಸು ಕೃಷ್ಣನ ವಯಸ್ಸಿನ ಎರಡರಷ್ಟಿದೆ. ಹತ್ತು ವರ್ಷಗಳ ಹಿಂದೆ ಮೂರರಷ್ಟಿತ್ತು. ಇಬ್ಬರ ಈಗಿನ ವಯಸ್ಸೆಷ್ಟು?' ಸಮೀಕರಣ ಸರಿಯಾಗಿ ಹಾಕಿದಳು. ನಲವತ್ತು, ಇಪ್ಪತ್ತು ಎಂದು ಉತ್ತರವೂ ಬಂತು. ಪೆನ್ಸಿಲ್ ನಿಂತಿತು. ಆಮೇಲೆ ಇಡೀ ಲೆಕ್ಕಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಉತ್ತರವನ್ನು ತಿರುವಿ ಬರೆದಳು. ಮೊದಲನೆಯವನಿಗೆ ಇಪ್ಪತ್ತು, ಎರಡನೆಯವನಿಗೆ ನಲವತ್ತು.

"ಯಾಕೆ ಹೊಡೆದೆ?"

"ಅದು ಹಂಗೆ ಬರಕ್ಕಾಗಲ್ಲ."

"ಪರೀಕ್ಷೆಯಲ್ಲೂ ಹೀಗೇ ಬರೆದೆಯಾ?"

ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಏನು ಬಂತವ್ವಾ ಲೆಕ್ಕ?" ಅಂದಳು.

ಸರೋಜ ತಲೆ ತಗ್ಗಿಸಿ, "ಅತ್ತೆ, ಇವರಿಗೆ ನಲವತ್ತಂತೆ. ಮಾವನೋರಿಗೆ ಇಪ್ಪತ್ತಂತೆ" ಅಂದಳು.

ಇಲ್ಲಿ ನನ್ನ ಹೆಸರು ಹೇಳಬೇಕು. ನಾನು ರಾಮಯ್ಯ. ನಮ್ಮಪ್ಪ ಕೃಷ್ಣಪ್ಪ. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಬಾಯಲ್ಲಿ ಹೇಳಬಾರದು, ಕೈಯಲ್ಲಿ ಬರೆಯಬಾರದು ಎಂಬುದು ನಮ್ಮ ಹೆಂಗಸರ ಕಟ್ಟು. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಸರೋಜ ರಾಮನವಮಿಗೆ ಪಾನಕದ ಹಬ್ಬ ಅನ್ನುತ್ತಿದ್ದಳು, ಕೃಷ್ಣಾಷ್ಟಮಿಗೆ ಚಕ್ಕುಲಿ ಹಬ್ಬ. ರಾಮನಗರದಲ್ಲಿದ್ದ ತನ್ನ ಚಿಕ್ಕಮ್ಮನನ್ನು ಕ್ಲೋಸ್‌ಪೇಟೆ ಚಿಕ್ಕಮ್ಮ ಎಂದೇ ಕರೆದಳು. ಊರಿಗೆ ಇಂಗ್ಲಿಷರ ಕಾಲದ ಹೆಸರನ್ನು ಉಳಿಸಿದವರಲ್ಲಿ ರಾಮಯ್ಯಂದಿರ ಹೆಂಡಂದಿರದು ದೊಡ್ಡ ಪಾಲು ಎಂದು ನನ್ನ ಅಂದಾಜು. ನಮ್ಮ ಪಠ್ಯಪುಸ್ತಕ ಬರೆದವರಿಗೆ ಇದು ಹೊಳೆದಿರಲಿಲ್ಲ. ಅವರಿಗೆ ಲೋಕದಲ್ಲಿ ಇಬ್ಬರೇ ಇದ್ದರು, ರಾಮ ಮತ್ತು ಕೃಷ್ಣ. ಮಾವಿನಹಣ್ಣು ಹಂಚಿಕೊಳ್ಳುವವರೂ ಅವರೇ, ಕೆಲಸ ಇಷ್ಟು ದಿನದಲ್ಲಿ ಮುಗಿಸುವವರೂ ಅವರೇ.

ಅವ್ವ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು. "ಯಾವನ್ಲಾ ಅವನು ಬರ್ದೋನು? ನಿಮ್ಮಪ್ಪ ನಿನಗಿಂತ ಇಪ್ಪತ್ತು ವರ್ಷ ಚಿಕ್ಕೋನಾ?"

"ಅವ್ವಾ, ಅದು ಬೇರೆ ರಾಮ. ಬೇರೆ ಕೃಷ್ಣ."

"ಬೇರೆ ಅಂದ್ರೆ? ಯಾವೂರೋರು?"

ಎಂಟು ವರ್ಷ ಪಾಠ ಹೇಳಿದ್ದೆ. ಆ ರಾಮ ಯಾವೂರವನು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ.

"ಸರೋಜ, ಲೆಕ್ಕ ಮಾಡುವಾಗ ಇದು ಯಾರು ಅಂತ ಯೋಚಿಸಬಾರದು."

"ನೀವೇ ಹೇಳ್ಕೊಟ್ಟಿದ್ದು ರೀ. ಮೊದಲನೇ ಸಾಲಲ್ಲಿ ಎಕ್ಸ್ ಅಂದ್ರೆ ಯಾರು ಅಂತ ಸ್ಪಷ್ಟವಾಗಿ ಬರೀಬೇಕು, ಬರೀದಿದ್ರೆ ಒಂದು ಮಾರ್ಕ್ಸ್ ಕಟ್ ಅಂತ. ಅದನ್ನ ನಾನು ಬರೆಯಂಗಿಲ್ಲ. ಬರೀದೆ ಇದ್ರೂ ಮನಸ್ನಾಗೆ ಬರ್ತೀರಲ್ಲ. ಮಗ ಅಪ್ಪನಿಗಿಂತ ದೊಡ್ಡೋನಾಗಿಬಿಟ್ಟರೆ ಎಲ್ಲೋ ನಾನೇ ತಪ್ಪು ಮಾಡಿದೀನಿ ಅನ್ಸಲ್ವಾ?"

ಐದು ಅಂಕ ಹೋದದ್ದು ಹೀಗೆ. ಫೇಲಾದದ್ದು ನನ್ನ ಮೊದಲನೇ ಸಾಲಿನಿಂದ.

ಭಾನುವಾರ ಹತ್ತು ಗಂಟೆ ಬೂಟಿಗೆ ಪಾಲಿಶ್ ಹಾಕುವ ಸಮಯ. ಆವತ್ತು ಹಾಕಲಿಲ್ಲ. ಎರಡು ಬೀದಿ ಆಚೆ ನಮ್ಮ ಶಾಲೆಯ ಸಂಸ್ಕೃತ ಪಂಡಿತರ ಮನೆಗೆ ನಡೆದೆ. ಅವರು ಜಗಲಿಯ ಮೇಲೆ ಪಂಚೆ ಒಣಗಿಸುತ್ತಿದ್ದರು.

"ಹತ್ತು ಗಂಟೆಗೆ ಮೇಷ್ಟ್ರು ಬೀದಿಯಲ್ಲಿದಾರೆ ಅಂದ್ರೆ ಗಡಿಯಾರ ನಿಂತಿರಬೇಕು."

ನಾನು ವಿಷಯ ಹೇಳಿದೆ. ಅವರು ಸದ್ದಿಲ್ಲದೆ ಬಹಳ ಹೊತ್ತು ನಕ್ಕು, ಒದ್ದೆ ಪಂಚೆಯ ತುದಿಯಿಂದಲೇ ಕಣ್ಣೊರೆಸಿಕೊಂಡರು. "ಹುಡುಗಿ ಸರಿಯಾಗಿದಾಳಯ್ಯ. ತಪ್ಪು ನಿನ್ನದು. ಅವ್ಯಕ್ತಕ್ಕೆ, ಅಂದ್ರೆ ಗೊತ್ತಿಲ್ಲದ ಸಂಖ್ಯೆಗೆ, ಯಾರಾದರೂ ಮನುಷ್ಯರ ಹೆಸರಿಡ್ತಾರಾ? ನಮ್ಮ ಹಿಂದಿನವರು ಏನಂತಿದ್ರು ಗೊತ್ತಾ? ಮೊದಲನೇದಕ್ಕೆ ಯಾವತ್ತಾವತ್. ಎಷ್ಟೋ ಅಷ್ಟು. ಎರಡನೇದು ಬಂದರೆ ಕಾಲಕ, ಕಪ್ಪು. ಆಮೇಲೆ ನೀಲಕ, ಪೀತಕ, ಲೋಹಿತಕ. ಎಲ್ಲ ಬಣ್ಣಗಳು. ಬರೆಯೋವಾಗ ಮೊದಲ ಅಕ್ಷರ ಸಾಕು. ಯಾ, ಕಾ, ನೀ, ಪೀ. ಕಳೆಯೋದಿದ್ದರೆ ನೆತ್ತಿಯ ಮೇಲೊಂದು ಚುಕ್ಕೆ."

"ಯಾಕೆ ಬಣ್ಣ?"

"ಅದು ನನಗೆ ಗೊತ್ತಿಲ್ಲಯ್ಯ. ಅವರ ಮನೆಯಲ್ಲೂ ಹೆಂಡತಿ ಇದ್ದಿರಬೇಕು."

ವಾಪಸು ಬರುತ್ತಾ, ಬಿಎಡ್ ಮಾಡುವಾಗ ತುಮಕೂರಿನ ಲೈಬ್ರರಿಯಲ್ಲಿ ಓದಿ ಮರೆತದ್ದೆಲ್ಲ ನೆನಪಾಯಿತು. ಅದನ್ನು ನಾನು ಎಂದೂ ತರಗತಿಯಲ್ಲಿ ಹೇಳಿರಲಿಲ್ಲ, ಪಠ್ಯದಲ್ಲಿ ಇರಲಿಲ್ಲವಲ್ಲ. ನೈಲ್ ನದಿಯ ದಡದ ಬರಹಗಾರರು ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಗೊತ್ತಿಲ್ಲದ ಸಂಖ್ಯೆಗೆ ರಾಶಿ ಎಂದರು. ಬಾಬಿಲೋನಿನ ಮಕ್ಕಳು ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದರು. ಅವರಿಗೆ ಗೊತ್ತಿಲ್ಲದ್ದು ಒಂದು ಹೊಲದ ಉದ್ದ, ಇನ್ನೊಂದು ಅದರ ಅಗಲ. ಹೊಲ ನಿಜವಾದ ಹೊಲವೂ ಅಲ್ಲ. ಉದ್ದವನ್ನೂ ವಿಸ್ತೀರ್ಣವನ್ನೂ ಒಟ್ಟಿಗೆ ಕೂಡಿಸಿ ಇಷ್ಟಾಯಿತು, ಉದ್ದ ಎಷ್ಟು ಎಂದು ಕೇಳುತ್ತಿದ್ದರು. ನನ್ನ ಕೈಗೆ ಅಂಥ ಉತ್ತರಪತ್ರಿಕೆ ಬಂದಿದ್ದರೆ ಗಜಕ್ಕೂ ಚದರ ಗಜಕ್ಕೂ ವ್ಯತ್ಯಾಸ ತಿಳಿಯದವನು ಎಂದು ಸೊನ್ನೆ ಸುತ್ತುತ್ತಿದ್ದೆ. ಅವರು ಮಾತ್ರ ಆ ಉದ್ದಗಲದಿಂದಲೇ ವರ್ಗ ಸಮೀಕರಣ ಬಿಡಿಸಿ ಹಲಗೆ ಒಣಗಲು ಇಟ್ಟು ಊಟಕ್ಕೆ ಹೋದರು.

ಸರೋಜ ಒಲೆಯ ಮುಂದಿದ್ದಳು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಅಲ್ಲಿ ಕೂರುವುದು ನನ್ನ ವೇಳಾಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

"ಒಂದು ರಾಶಿ ಇದೆ. ಅದಕ್ಕೆ ಅದರ ಐದನೇ ಒಂದು ಭಾಗ ಸೇರಿಸಿದರೆ ಇಪ್ಪತ್ತನಾಲ್ಕು. ರಾಶಿ ಎಷ್ಟು? ಎಕ್ಸ್ ಬೇಡ. ಈಜಿಪ್ಟಿನವರು ಮಾಡಿದ ಹಾಗೆ ಮಾಡು. ಸುಮ್ಮನೆ ಐದು ಅಂದುಕೋ."

"ಐದು ಅಲ್ಲವಲ್ಲ."

"ಅಲ್ಲ ಅಂತ ಗೊತ್ತಿದ್ದೇ ಅಂದುಕೋ."

ಅವಳು ಮುದ್ದೆ ಕೋಲು ತಿರುವುತ್ತಲೇ ಲೆಕ್ಕ ಹಾಕಿದಳು. "ಐದು. ಅದರಲ್ಲಿ ಐದನೇ ಒಂದು ಪಾಲು ಅಂದ್ರೆ ಒಂದು. ಸೇರಿದ್ರೆ ಆರು. ಬೇಕಾಗಿರೋದು ಇಪ್ಪತ್ನಾಲ್ಕು. ನಾಲ್ಕು ಪಟ್ಟು ಕಡಿಮೆ ಬಿತ್ತು. ಹಂಗಾದ್ರೆ ಐದ್ನಾಲ್ಕಲಿ ಇಪ್ಪತ್ತು." ಕೋಲು ನಿಲ್ಲಿಸಿ ನನ್ನ ಕಡೆ ನೋಡಿದಳು. "ಏನೂಂದ್ರೆ, ಇದು ನಮ್ಮಪ್ಪ ಕಣದಲ್ಲಿ ಮಾಡೋದು. ರಾಗಿ ಅಳೆಯೋ ಮುಂಚೆ ಇಷ್ಟು ಕೊಳಗ ಅಂತ ಅಂದ್ಕೊಂಡು, ಪಾಲು ಮಾಡಿ ನೋಡಿ, ಆಮೇಲೆ ಸರಿ ಮಾಡ್ಕೊಳ್ತಾರೆ."

ನಡುಮನೆಯಿಂದ ಅವ್ವ ಕೂಗಿದಳು. "ಅಂದ್ಕೊಬೋದು ಕಣವ್ವ, ಬಾಯ್ಬುಟ್ಟು ಹೇಳ್ಬಾರ್ದು. ಅಳೆಯೋಗಂಟ ರಾಶಿ ಎಷ್ಟೈತೆ ಅಂತ ಯಾರೂ ಹೇಳಲ್ಲ. ಮೊದಲ್ನೇ ಕೊಳಗಕ್ಕೂ ಒಂದು ಅನ್ನಲ್ಲ, ಲಾಭ ಅಂತೀವಿ. ನಿಮ್ಮ ಮೇಷ್ಟ್ರಿಗೆ ಅದೂ ಗೊತ್ತಿಲ್ವಾ?"

"ಹಂಗಾದ್ರೆ ಎಕ್ಸ್ ಅಂದ್ರೆ ಇನ್ನೂ ಅಳೀದೆ ಇರೋ ರಾಶಿ" ಅಂದಳು ಸರೋಜ. ನನಗಲ್ಲ, ಮುದ್ದೆಗೆ ಹೇಳಿದ ಹಾಗೆ.

ಬೀಜಗಣಿತ ಎಂದರೇನು ಎಂದು ಪಾಠದ ಟಿಪ್ಪಣಿಯಲ್ಲಿ ನಾನು ಎಂಟು ಸಾಲು ಬರೆದಿಟ್ಟಿದ್ದೆ. ಪ್ರತಿ ವರ್ಷ ಜೂನ್‌ನಲ್ಲಿ ಅದನ್ನೇ ಓದುತ್ತಿದ್ದೆ. ಮುಂದಿನ ಜೂನ್‌ನಿಂದ ಆ ಎಂಟು ಸಾಲು ಬಿಟ್ಟು ಅವಳ ಒಂದು ಸಾಲು ಹೇಳಿದೆ. ಯಾರದ್ದು ಎಂದು ಹೇಳಲಿಲ್ಲ. ಮೇಷ್ಟ್ರಿಗೂ ಸ್ವಲ್ಪ ಮರ್ಯಾದೆ ಬೇಕು.

ಊಟವಾದ ಮೇಲೆ ಪಂಡಿತರ ಬಣ್ಣಗಳನ್ನು ಅವಳ ಮುಂದಿಟ್ಟೆ. ಹನ್ನೆರಡನೇ ಪ್ರಶ್ನೆ ಮತ್ತೆ ಬಂತು. 'ಮೊದಲನೆಯವರ ವಯಸ್ಸು ನೀ, ಎರಡನೆಯವರದು ಕಾ' ಎಂದು ಬರೆದಳು. ಗಂಡ ನೀಲಿ, ಮಾವ ಕಪ್ಪು. ನೀಲಿ ನಲವತ್ತು, ಕಪ್ಪು ಇಪ್ಪತ್ತು ಬಂತು. ನಾನು ಉಸಿರು ಹಿಡಿದು ಪೆನ್ಸಿಲ್ ನೋಡಿದೆ. ಅಡ್ಡಗೆರೆ ಬೀಳಲಿಲ್ಲ.

"ಈಗ ತಪ್ಪು ಅನ್ನಿಸಲಿಲ್ಲವಾ?"

"ಬಣ್ಣಕ್ಕೆ ವಯಸ್ಸಾದ್ರೆ ಯಾರಿಗೇನು ರೀ?"

ಮೂರು ಗಂಟೆಯೊಳಗೆ ಅಂಥವೇ ಒಂಬತ್ತು ಲೆಕ್ಕ ಮಾಡಿದಳು. ಕಡೆಯದನ್ನು ಮುಗಿಸಿ ಪೆನ್ಸಿಲ್ ಕೆಳಗಿಟ್ಟು, ಬೇರೆ ಕಡೆ ನೋಡುತ್ತಾ, "ಆ ಅರ್ಜಿ ಫಾರಂ ಎಲ್ಲಿಟ್ಟಿದೀರಿ?" ಅಂದಳು.

ಫಾರಂ ತುಂಬುವುದಕ್ಕೆ ಮೊದಲು ಬೇರೆ ಕೆಲವು ಮಾತು ಹೇಳಿಬಿಡುತ್ತೇನೆ. ನೆನಪಿಗೆ ವೇಳಾಪಟ್ಟಿ ಇಲ್ಲ, ಅದೊಂದು ನನ್ನ ಕೈಗೆ ಸಿಕ್ಕದೆ ಉಳಿದಿದೆ.

ಸೆಪ್ಟೆಂಬರ್‌ನಲ್ಲಿ ಸರೋಜ ಪಾಸಾದಳು. ಐವತ್ತೆಂಟು. ಎಕ್ಸ್, ವೈ ಬರೆಯಬೇಕಾದಲ್ಲಿ ನೀ, ಕಾ ಎಂದು ಬರೆದ ಉತ್ತರಪತ್ರಿಕೆಯನ್ನು ತಿದ್ದಿದ ಪುಣ್ಯಾತ್ಮರು ಯಾರೋ, ಅಂಕ ಕೊಟ್ಟರು. ತರಬೇತಿ ಮುಗಿಸಿ ಎಂಬತ್ತರಲ್ಲಿ ಕೆಲಸಕ್ಕೆ ಸೇರಿದಳು, ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಗೆ. ನಾನು ಗುಬ್ಬಿಯಲ್ಲೇ ಇದ್ದೆ. ಏಳು ವರ್ಷ ಹಾಗೆ ಬದುಕಿದೆವು. ಸೋಮವಾರ ನಸುಕಿನಲ್ಲಿ ಹೊರಟವಳು ಶನಿವಾರ ಎರಡು ಬಸ್ಸು ಬದಲಾಯಿಸಿ ಸಂಜೆಗೆ ಬರುತ್ತಿದ್ದಳು. ವಾರದ ಐದು ಬೆಳಿಗ್ಗೆ ನಾನು ಐದು ನಲವತ್ತಕ್ಕೆ ಚಾಪೆಯ ಕಡೆ ನೋಡಿ ಮತ್ತೇನು ಮಾಡಬೇಕೆಂದು ತಿಳಿಯದೆ ನಿಂತಿರುತ್ತಿದ್ದೆ. ಪಾಸು ಮಾಡಿಸಿದ್ದು ನಾನೇ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಸಮೀಕರಣದ ಒಂದು ಕಡೆ ಕಳೆದುಕೊಂಡದ್ದನ್ನು ಎರಡೂ ಕಡೆ ಕೂಡಿಸಿ ತುಂಬಿಕೊಡುವುದಕ್ಕೆ ಬಾಗ್ದಾದಿನ ಪಂಡಿತರು ಒಂದು ಹೆಸರಿಟ್ಟಿದ್ದರು. ಆಲ್ಜೀಬ್ರಾ ಎಂಬ ಮಾತು ಹುಟ್ಟಿದ್ದು ಅದರಿಂದ. ಗೊತ್ತಿಲ್ಲದ ಸಂಖ್ಯೆಯನ್ನು ಅವರು ಬರೀ 'ವಸ್ತು' ಎನ್ನುತ್ತಿದ್ದರಂತೆ. ಶನಿವಾರ ಸಂಜೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸು ಕಾಯುತ್ತಾ ನಾನು ಇಂಥವನ್ನೆಲ್ಲ ಯೋಚಿಸುತ್ತಿದ್ದೆ. ಬಸ್ಸು ತಡವಾದರೆ ಎಷ್ಟು ನಿಮಿಷ ಎಂದು ಬರೆದುಕೊಳ್ಳುತ್ತಿದ್ದೆ. ಬರೆದುಕೊಂಡು ಏನು ಮಾಡಿದೆ ಎಂದು ಕೇಳಬೇಡಿ.

ಅವಳ ಶಾಲೆಯ ಮಕ್ಕಳು ವಯಸ್ಸಿನ ಲೆಕ್ಕವನ್ನು ಕಪ್ಪು ಹುಂಜ, ಕೆಂಪು ಹುಂಜ ಎಂದು ಕಲಿತರು. ಮೇಡಂ ಯಾಕೆ ಪುಸ್ತಕದಲ್ಲಿರುವ ಹೆಸರು ಓದುವುದಿಲ್ಲ ಎಂದು ಒಂದು ಹುಡುಗಿ ಕೇಳಿದ್ದಳಂತೆ. "ಕನ್ನಡಕ ಮರೆತು ಬಂದಿದೀನಿ ಅಂದೆ ರೀ" ಎಂದು ಬಂದು ನಗಾಡಿದಳು. ಆಗ ಅವಳಿಗೆ ಕನ್ನಡಕವೇ ಇರಲಿಲ್ಲ.

ಎಂಬತ್ತೇಳರ ಹೊತ್ತಿಗೆ ಇಬ್ಬರಿಗೂ ತುಮಕೂರಿಗೆ ವರ್ಗವಾಯಿತು. ಆಮೇಲೆ ಒಂದೇ ಸೂರಿನಡಿ ಮೂವತ್ತೆರಡು ವರ್ಷ. ಅವಳು ಹೋಗಿ ನಾಲ್ಕು ವರ್ಷವಾಗುತ್ತಾ ಬಂತು. 'ಏನೂಂದ್ರೆ', 'ರೀ', 'ಕೇಳಿಸ್ತಾ' ಇಷ್ಟೇ ಅವಳು ನನ್ನನ್ನು ಕರೆದದ್ದು. ಅಡುಗೆಮನೆಯಲ್ಲಿ ಲೋಟ ಸ್ವಲ್ಪ ಜೋರಾಗಿ ಇಟ್ಟರೂ ನನ್ನನ್ನೇ ಕರೆದದ್ದು ಎಂದು ತಿಳಿಯುತ್ತಿತ್ತು. ನಾನು ಅವಳ ಹೆಸರನ್ನು ದಿನಕ್ಕೆ ನೂರು ಸಲ ಕೂಗುತ್ತಿದ್ದೆ. ಈಗ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಫೋನಿನಲ್ಲಿ ಗುರುತಿಲ್ಲದ ಹುಡುಗಿಯರು 'ರಾಮಯ್ಯ, ರಾಮಯ್ಯ' ಎಂದು ಕರೆಯುತ್ತಾರೆ. ಹೆಸರು ಹೇಳದೆ ಕರೆಯುವವರು ಯಾರೂ ಉಳಿದಿಲ್ಲ.

ಹಾಜರಿ ಪುಸ್ತಕ ಸಿಕ್ಕ ದಿನ ಇನ್ನೊಂದು ಹೊಳೆಯಿತು. ನಮ್ಮಪ್ಪ ತೀರಿಕೊಂಡಾಗ ನನಗೆ ಹನ್ನೊಂದು. ಅವರಿಗೆ ಮೂವತ್ತೆಂಟು. ಸತ್ತವರಿಗೆ ವಯಸ್ಸು ಏರುವುದಿಲ್ಲ. ಅವರು ಅಲ್ಲೇ ನಿಂತರು, ನಾನು ನಡೆಯುತ್ತಾ ಬಂದೆ. ಮೂವತ್ತೆಂಟು ದಾಟಿದ ವರ್ಷ ಅದನ್ನು ಗಮನಿಸಲೂ ಇಲ್ಲ, ಆ ಶನಿವಾರಗಳ ಗಡಿಬಿಡಿಯಲ್ಲಿದ್ದೆ. ಈಗ ನನಗೆ ಎಪ್ಪತ್ತಾರು. ರಾಮನ ವಯಸ್ಸು ಕೃಷ್ಣನ ವಯಸ್ಸಿನ ಎರಡರಷ್ಟಾಗಿದೆ. ಮಗ ಅಪ್ಪನಿಗಿಂತ ದೊಡ್ಡವನಾಗಬಹುದು. ಆ ಬೆಳಿಗ್ಗೆ ಚಾಪೆಯ ಮೇಲೆ ಅವ್ವನ ಎದುರು ಈ ಉತ್ತರ ನನ್ನ ಹತ್ತಿರ ಇರಲಿಲ್ಲ. ಈಗ ಇದೆ. ಕೇಳಬೇಕಾದವರು ಇಬ್ಬರೂ ಇಲ್ಲ. ಸರೋಜ ಇದ್ದಿದ್ದರೆ ಒಪ್ಪುತ್ತಿರಲಿಲ್ಲ ಎಂಬುದು ಬೇರೆ ಮಾತು. "ದೊಡ್ಡೋರಾದ್ರೆ ಏನಾಯ್ತು ರೀ, ನಮಸ್ಕಾರ ಮಾಡೋದು ನೀವೇ ತಾನೆ" ಅನ್ನುತ್ತಿದ್ದಳು.

ಆ ಭಾನುವಾರಕ್ಕೆ ಬರುತ್ತೇನೆ. ಸಂಜೆ ಐದು ಗಂಟೆ. ಚಾಪೆಯ ಮೇಲೆ ಫಾರಂ, ಶಾಯಿ ಬುಡ್ಡಿ, ಪೆನ್ನು. 'ಅಭ್ಯರ್ಥಿಯು ಸ್ವಂತ ಕೈಬರಹದಲ್ಲೇ ತುಂಬತಕ್ಕದ್ದು' ಎಂದು ನೆತ್ತಿಯ ಮೇಲೆ ಅಚ್ಚಾಗಿತ್ತು. ಅದರ ಕೆಳಗೆ ನಾನು ಪೆನ್ಸಿಲ್‌ನಲ್ಲಿ ಗೆರೆ ಬೇರೆ ಎಳೆದಿದ್ದೆ. ಅವಳು ತನ್ನ ಹೆಸರು ಬರೆದಳು, ಹುಟ್ಟಿದ ತಾರೀಖು, ವಿಳಾಸ, ವಿಷಯ, ಹಿಂದಿನ ಕ್ರಮಸಂಖ್ಯೆ ಬರೆದಳು. ದುಂಡನೆಯ ಅಕ್ಷರ, ಒಂದೊಂದೂ ಎಳೆದು ಕೂರಿಸಿದ ಹಾಗೆ. 'ತಂದೆಯ ಅಥವಾ ಗಂಡನ ಹೆಸರು' ಎಂಬಲ್ಲಿ ಪೆನ್ನು ನಿಂತಿತು.

"ನಿಮ್ಮಪ್ಪನ ಹೆಸರು ಹಾಕು. ಅಥವಾ ಅಂತಿದೆ."

"ಹಿಂದಿನ ಎರಡು ಸಲ ಅವರ ಹೆಸರೇ ಹಾಕಿದ್ದೆ. ಎರಡು ಸಲವೂ ಫೇಲಾಯ್ತು." ಪೆನ್ನು ಶಾಯಿಗೆ ಅದ್ದಿ ಹೇಳಿದಳು: "ಈ ಸಲ ಪಾಠ ಹೇಳಿದೋರ ಹೆಸರು ಇರಲಿ."

"ಹಾಗಾದರೆ ಬರೆ."

"ನಾನು ಹೆಂಗೆ ಬರೆಯಲಿ?"

"ಬಣ್ಣ ಹಾಕೋ ಹಂಗಿಲ್ಲ ಇಲ್ಲಿ."

"ನೀವೇ ಬರೀರಿ."

ನಾನು ಪೆನ್ಸಿಲ್ ಗೆರೆ ತೋರಿಸಿದೆ. ಸ್ವಂತ ಕೈಬರಹ. ಎರಡು ಕೈ ಕಂಡರೆ ಅರ್ಜಿ ತಿರಸ್ಕಾರ. ಅವಳು ಅತ್ತೆಯ ಕಡೆ ನೋಡಿದಳು. ಅವ್ವ ನನ್ನ ಕಡೆ ನೋಡಿದಳು. "ಅವಳ ಕೈಲಿ ಬರ್ಸಬ್ಯಾಡ ಕಣ್ಲಾ. ನಿಂಗೇ ಆಯಸ್ಸು ಕಮ್ಮಿ ಆಯ್ತದೆ. ನೀನೇ ಏನಾದ್ರೂ ಮಾಡು, ಅಷ್ಟು ಓದಿದೀಯ."

ಹತ್ತು ವರ್ಷ ಹಾಸ್ಟೆಲ್ಲಿನಲ್ಲಿ, ಎಂಟು ವರ್ಷ ಶಾಲೆಯಲ್ಲಿ ಒಂದು ನಿಯಮವನ್ನೂ ಮುರಿಯದವನು ನಾನು. ಹಳೆಯ ಕಾಗದ ತೆಗೆದುಕೊಂಡು ಅವಳ ಅಕ್ಷರ ಅಭ್ಯಾಸ ಮಾಡಲು ಕೂತೆ. ವಿಳಾಸದಲ್ಲಿ ಅವಳು ಬರೆದ 'ರ' ನೋಡಿ 'ರ' ಬರೆದೆ, 'ಮ' ನೋಡಿ 'ಮ'. ಎಂಟು ಸಲ ಬರೆದೆ. ಅವಳು ಪಕ್ಕದಲ್ಲಿ ಕೂತು ಬೆರಳಿಟ್ಟು ತಿದ್ದಿದಳು.

"ನಂದು ಇಷ್ಟು ಚೂಪಾಗಿರಲ್ಲ. ಇನ್ನೂ ದುಂಡಗೆ ಮಾಡಿ. ಆತುರ ಪಡಬೇಡಿ."

ಒಂಬತ್ತನೇ ಸಲ ಬರೆದದ್ದನ್ನು ನೋಡಿ ಬೆರಳು ತೆಗೆದಳು. ಆಗ ಫಾರಂ ಎಳೆದುಕೊಂಡು, ಉಸಿರು ಬಿಗಿಹಿಡಿದು, ಖಾಲಿ ಗೆರೆಯ ಮೇಲೆ ಅವಳ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಅವಳು ಫಾರಂ ಕೈಗೆ ತೆಗೆದುಕೊಂಡು, ಶಾಯಿ ಒಣಗಿದ ಮೇಲೂ ತುಂಬ ಹೊತ್ತು ಆ ಒಂದು ಗೆರೆ ನೋಡುತ್ತಿದ್ದಳು. ತುಟಿ ಅಲ್ಲಾಡಲಿಲ್ಲ. "ನಾನು ಬರೆದಿದ್ರೂ ಹಿಂಗೇ ಇರ್ತಿತ್ತು" ಅಂದಳು.

ಲಕೋಟೆಗೆ ಅಂಟು ಇರಲಿಲ್ಲ. ಮಧ್ಯಾಹ್ನ ಉಳಿದಿದ್ದ ನಾಲ್ಕು ಅಗುಳು ಅನ್ನ ತಂದು ಹಿಸುಕಿ ಬಾಯಿ ಅಂಟಿಸಿದಳು. ನಾನು ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಅರವತ್ತು ಎಣಿಸಿದೆ. ಆರು ಗಂಟೆ ಹತ್ತು ನಿಮಿಷವಾಗಿತ್ತು.